ಒಗೆದದ್ದನ್ನೇ ಒಗೆಯುವ ದಿನ

ಕೊನೆಯ ಬೆಡ್‌ಶೀಟಿನ ಒಂದು ತುದಿಗೆ ಕ್ಲಿಪ್ಪು ಸಿಕ್ಕಿಸಿ, ಇನ್ನೊಂದು ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಹಗ್ಗ ಜೋಲದಂತೆ ಆನಿಸಿದ್ದ ಕವೆಗೋಲನ್ನು ಅವಳು ಕಿತ್ತು ಪಕ್ಕಕ್ಕೆ ಸರಿಸಿದಳು. ಕೋಲು ಊರಿದ್ದಲ್ಲಿ ಮುಷ್ಟಿಯಗಲದ ಗುಂಡಿ ಬಿದ್ದಿತ್ತು. ಬೆಡ್‌ಶೀಟಿನ ಸುಕ್ಕು ಎಳೆದು ಮತ್ತೆ ನೋಡುವಷ್ಟರಲ್ಲಿ ಆ ಗುಂಡಿಯಲ್ಲಿ ನೀರು ನಿಂತಿತ್ತು. ಮಳೆ ಬಿದ್ದು ತಿಂಗಳ ಮೇಲಾಗಿತ್ತು. ಒದ್ದೆ ಬಟ್ಟೆಯಿಂದ ತೊಟ್ಟಿಕ್ಕಿದ್ದು ಅಂದುಕೊಳ್ಳೋಣವೆಂದರೆ ಅದು ಮೇಲಿನಿಂದ ಬಿದ್ದ ನೀರಲ್ಲ, ಕೆಳಗಿನಿಂದ ಎದ್ದ ನೀರು. ಕ್ಲಿಪ್ಪನ್ನು ಬಾಯಿಂದ ತೆಗೆಯುವುದನ್ನೂ ಮರೆತು ಅವಳು ಚಪ್ಪಲಿ ಕಾಲನ್ನು ಮೆಲ್ಲಗೆ ಒತ್ತಿ ನೋಡಿದಳು. ಹುಲ್ಲು ತೊಯ್ದ ಚಾಪೆಯ ಹಾಗೆ ಕುಸಿಯಿತು. ಕಾಲೆತ್ತಿದ ಮೇಲೆ ನಿಧಾನವಾಗಿ ಮೇಲೆದ್ದಿತು.

ಹಗ್ಗದ ಹಿಂದೆಯೇ ಏರಿ, ಏರಿಯ ಆಚೆಗೆ ಕೆರೆ. ಮಾವ ಬದುಕಿದ್ದಾಗ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿಸಿ ಮಾಡಿದ ಸ್ವಂತದ ಕೆರೆ ಅದು. ಯಾರ ಹೊಲಕ್ಕೂ ನೀರುಣಿಸಲಿಕ್ಕಲ್ಲ; ದೋಣಿ ಬಿಡಲಿಕ್ಕೆ, ಗಾಳ ಹಾಕಿ ಸುಮ್ಮನೆ ಕೂರಲಿಕ್ಕೆ. ಮಾವನಿಗೆ ಅದೊಂದು ಹುಚ್ಚಾಗಿತ್ತು. ಆ ಹುಚ್ಚನ್ನು ಮಕ್ಕಳಿಬ್ಬರು ಕಸುಬು ಮಾಡಿಕೊಂಡರು. ದಡದಲ್ಲಿ ಕಾಟೇಜುಗಳು ಎದ್ದವು, ವಾರದ ಕೊನೆಗೆ ಅತಿಥಿಗಳು ಬರತೊಡಗಿದರು. ದೋಣಿಗಳ ಉಸ್ತುವಾರಿ ಹಿರಿಯರಾದ ಭಾವನದು. ತಲೆಯ ಮೇಲೆ ಬಿಳಿ ಟೋಪಿಯಿಲ್ಲದೆ ಹೊರಗೆ ಕಾಲಿಡದ ಅವರನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಏರಿ, ಪಂಪು, ಕಟ್ಟಡ, ಬಂದವರ ಜೊತೆ ಮಾತು, ಇವೆಲ್ಲ ಅವಳ ಗಂಡನ ಪಾಲು. ಭಾವನ ಹೆಂಡತಿ ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದಳು. ಒಗೆಯುವುದು, ಇಸ್ತ್ರಿ, ಹಾಸಿಗೆ ಹಾಸುವುದು ಇವಳ ಪಾಲಿಗೆ ಬಂದಿತ್ತು.

ಬೆಳಿಗ್ಗೆ ಗಂಡ ಷೂ ಹಾಕಿಕೊಳ್ಳುತ್ತ, ಷೂವನ್ನೇ ನೋಡುತ್ತ ಹೇಳಿದ್ದ: "ನಾಳೆ ಏರಿ ತಪಾಸಣೆಗೆ ಬರ್ತಾರೆ. ಬೆಡ್‌ಶೀಟೆಲ್ಲ ಒಗೆದು ಕೆಳಗೆ ಹಗ್ಗಕ್ಕೆ ಹಾಕ್ಬಿಡು."

"ಇವತ್ತೇ ಒಗೀತಿದೀನಲ್ಲ."

"ನಾಳೆನೂ ಒಗಿ. ಬೀರುನಲ್ಲಿರೋದೂ ತೆಗಿ."

"ಅದು ಒಗೆದಿಟ್ಟಿರೋದು ರೀ. ಇಸ್ತ್ರಿನೂ ಆಗಿದೆ."

"ಧೂಳಾಗಿರತ್ತೆ. ಸುಮ್ನೆ ಒಗಿ ಅಂದ್ರೆ ಒಗೀಬೇಕಪ್ಪ."

ಮದುವೆಯಾದಾಗಿನಿಂದ ಯಾವ ಬೆಡ್‌ಶೀಟಿನ ಧೂಳೂ ಕಾಣದ ಮನುಷ್ಯ ಇವನು. ತಾನು ಮಲಗುವುದು ಹೂವಿನ ಚಾದರದ ಮೇಲೋ ಗೆರೆಯದರ ಮೇಲೋ ಎಂದು ಕೇಳಿದರೆ ಹೇಳಲಾರ. ಅಂಥವನಿಗೆ ಬೀರುವಿನ ಒಳಗಿನ ಧೂಳು ಕಂಡದ್ದು ಹೇಗೆ?

ಈಗ, ಒದ್ದೆ ನೆಲದ ಮೇಲೆ ನಿಂತು, ಅವಳಿಗೆ ಹಿಂದಿನ ತಪಾಸಣೆಯ ದಿನ ನೆನಪಾಯಿತು. ಅಂದೂ ಅವನು ಹೀಗೇ ಹೇಳಿದ್ದ. ಅಂದೂ ಮೂರೂ ಹಗ್ಗ ತುಂಬ ಬಿಳಿ ಬೆಡ್‌ಶೀಟು ಹಾಕಿದ್ದಳು. ತಪಾಸಣೆಯ ಸಾಹೇಬರು ಏರಿಯ ಮೇಲೆ ನಡೆದು ಬಂದು, ಕೆಳಗೆ ಇಳಿಯುವ ಮೆಟ್ಟಿಲ ಬಳಿ ನಿಂತಾಗ ಗಂಡ ನಗುತ್ತ ಅಂದಿದ್ದ, "ಅಲ್ಲೇನಿದೆ ಸರ್, ನಮ್ಮನೆ ಹೆಂಗಸರು ಬಟ್ಟೆ ಒಣಹಾಕೋ ಜಾಗ." ಸಾಹೇಬರು ಮುಜುಗರಪಟ್ಟುಕೊಂಡು ಹೆಜ್ಜೆ ಹಿಂದಿಟ್ಟಿದ್ದರು. ಹೋಗುವ ಮುಂಚೆ, "ಬಹಳ ಬೆಳ್ಳಗೆ ಒಗೀತೀರಮ್ಮ" ಎಂದು ಹೊಗಳಿಯೂ ಇದ್ದರು. ಅವಳು ಆ ಮಾತನ್ನು ಎಷ್ಟೋ ದಿನ ಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡಿದ್ದಳು.

ಒದ್ದೆ ಜಾಗ ಆಗಲೂ ಇತ್ತೇ? ಅವಳು ನೆಲ ನೋಡಿರಲಿಲ್ಲ. ಒಣಹಾಕುವವರ ಕಣ್ಣು ಯಾವಾಗಲೂ ಮೇಲೆ, ಬಿಸಿಲಿನ ಕಡೆ.

ಬುಟ್ಟಿಯಿಂದ ಜಾರಿ ಬಿದ್ದಿದ್ದ ದಿಂಬಿನ ಕವರನ್ನು ಎತ್ತಿಕೊಂಡಳು. ನೆಲಕ್ಕೆ ತಾಗಿದ್ದ ಕಡೆ ಕೆಂಪು ಕಲೆ ಕೂತಿತ್ತು. ಅದನ್ನು ಕಂಡಾಗ ಮಾವನ ಮಾತು ಕಿವಿಯಲ್ಲಿ ಎದ್ದಿತು. ಊಟಕ್ಕೆ ಕೂತಾಗ ಇಬ್ಬರು ಮಕ್ಕಳಿಗೂ ಅವರು ಅದನ್ನೇ ಹೇಳುತ್ತಿದ್ದರು, ಅವಳು ಬಡಿಸುತ್ತ ಕೇಳುತ್ತಿದ್ದಳು: "ಏರಿ ಅಂದ್ಮೇಲೆ ಬುಡದಲ್ಲಿ ಸ್ವಲ್ಪ ಬೆವರತ್ತೆ. ತಿಳಿ ನೀರು ಬಂದ್ರೆ ಯೋಚನೆ ಇಲ್ಲ. ಕೆಂಪು ನೀರು ಬಂತು ಅಂದ್ರೆ ಬರ್ತಿರೋದು ನೀರಲ್ಲ ಕಣ್ರೋ, ಏರಿನೇ ಎದ್ದು ಹೊರಟಿದೆ. ಮೊದಲು ಕೆರೆ ನೀರು ಇಳಿಸಿ, ಆಮೇಲೆ ನನ್ನನ್ನ ಕರೀರಿ."

ಹಳೆಯ ಷೆಡ್ಡಿನಲ್ಲಿ ಉಳಿದುಹೋಗಿದ್ದ ಸೋಪಿನ ಪುಡಿಯ ಗಾಜಿನ ಬಾಟಲಿಯನ್ನು ಅವಳು ಖಾಲಿ ಮಾಡಿ, ತೊಳೆದು, ಗುಂಡಿಯ ನೀರನ್ನು ಅದರಲ್ಲಿ ತುಂಬಿಕೊಂಡಳು. ಬುಟ್ಟಿಯೊಳಗೆ, ಒದ್ದೆ ಬಟ್ಟೆಯ ಅಡಿ ಮುಚ್ಚಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಯಾಕೆ ಮುಚ್ಚಿಟ್ಟುಕೊಂಡೆ ಎಂದು ಅರ್ಧ ಮೆಟ್ಟಿಲು ಹತ್ತಿದ ಮೇಲೆ ಅನ್ನಿಸಿತು.

ಒಗೆಯುವ ಮಷಿನ್ನು ಮೊದಲು ಏರಿಯ ಬುಡದ ಷೆಡ್ಡಿನಲ್ಲೇ ಇತ್ತು. ಹೋದ ವರ್ಷ ಗಂಡ ಅದನ್ನು ಗುಡ್ಡದ ಮೇಲಿನ ಮನೆಗೆ ಸಾಗಿಸಿದ್ದ. "ನಿನ್ನ ಮಂಡಿ ನೋವಿಗೆ ಆ ಮೆಟ್ಟಿಲು ಒಳ್ಳೇದಲ್ಲ" ಅಂದಿದ್ದ. ಓರಗಿತ್ತಿ ಅದನ್ನು ಊರೆಲ್ಲ ಸಾರಿದ್ದಳು: "ನೋಡೇ, ನಿನ್ನ ಗಂಡನಿಗೆ ನಿನ್ನ ಮಂಡಿ ಎಲ್ಲಿದೆ ಅಂತಾನೂ ಗೊತ್ತಿದೆ! ನಮ್ಮ ಕ್ಯಾಪ್ಟನ್‌ಗೆ ನನ್ನ ಮುಖ ಎಲ್ಲಿದೆ ಅಂತಾನೂ ಗೊತ್ತಿಲ್ಲ." ಅವಳೂ ನಕ್ಕಿದ್ದಳು, ಒಳಗೊಳಗೇ ಹಿಗ್ಗಿದ್ದಳು. ಮಷಿನ್ನಿನ ಹಿಂದೆಯೇ ಜನರೇಟರ್ ಮೇಲೆ ಬಂತು. ಆಮೇಲೆ ದೋಣಿಯ ಹಳೆಯ ಎಂಜಿನ್ನುಗಳು, ಮರದ ಸಾಮಾನು, ಕೊನೆಗೆ ತುಕ್ಕು ಹಿಡಿದ ತೂಕದ ಯಂತ್ರ ಕೂಡ. ಅವಳ ಮಂಡಿಗೂ ತೂಕದ ಯಂತ್ರಕ್ಕೂ ಏನು ಸಂಬಂಧ ಎಂದು ಅವಳು ಆಗ ಕೇಳಿಕೊಂಡಿರಲಿಲ್ಲ. ಕೆಳಗೆ ಉಳಿದದ್ದು ಬಟ್ಟೆಯ ಹಗ್ಗ. ಮತ್ತೆ ಹಳ್ಳದ ಪಕ್ಕದ ಜೋಡಿಮನೆ. ಏರಿಯ ಮೇಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅದರ ಒಂದು ಅರ್ಧ ಖಾಲಿ ಇತ್ತು, ಇನ್ನೊಂದರಲ್ಲಿ ಟೈಲರಮ್ಮ ತನ್ನ ಕಿವಿ ಕೇಳದ ತಾಯಿಯ ಜೊತೆ ಬಾಡಿಗೆಗಿದ್ದಳು.

ಬಾಟಲಿಯನ್ನು ಇಸ್ತ್ರಿ ಕೋಣೆಯ ಕಿಟಕಿಯ ಮೇಲಿಟ್ಟು, ಚಹಾದ ತಟ್ಟೆ ಹಿಡಿದು ಆಫೀಸು ಕೋಣೆಯ ಕಡೆ ಹೋದಳು. ಬಾಗಿಲು ಓರೆಯಾಗಿತ್ತು.

"ನೀರಿಳಿಸ್ದೆ ಅದನ್ನ ನೋಡಕ್ಕಾಗಲ್ಲ ಅಣ್ಣ." ಗಂಡನ ದನಿ.

"ಭಾನುವಾರ ದೋಣಿ ರೇಸ್ ಇಟ್ಕೊಂಡು ನೀರಿಳಿಸ್ತಾನಂತೆ! ಕೆಸರಲ್ಲಿ ತಳ್ಳಿಸ್ಲಾ ದೋಣಿನ?"

"ಕೋಡಿ ಹಲಗೆನಾದ್ರೂ ತೆಗಿ ಮತ್ತೆ."

"ತೆಗೀತೀನಪ್ಪ, ಬೆಳಿಗ್ಗೆ ಅವ್ರು ಬರೋ ಮುಂಚೆ. ಹೋದ್ಮೇಲೆ ಹಾಕ್ತೀನಿ. ಈ ಸೀಸನ್ ಒಂದು ಮುಗೀಲಿ ಕಣೋ."

"ಹೋದ ವರ್ಷನೂ ಇದನ್ನೇ ಅಂದೆ."

"ಹೋದ ವರ್ಷ ಏನಾಯ್ತು? ಏನೂ ಆಗ್ಲಿಲ್ಲ ತಾನೆ?"

ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ತಾನಾಗಿ ಹೊರಗೆ ಹೋಗಲೆಂದು ಏರಿಯ ಒಂದು ಕೊನೆಯಲ್ಲಿ ಬಿಟ್ಟ ದಾರಿ. ಕ್ಯಾಪ್ಟನ್ ಅದಕ್ಕೆ ಹಲಗೆ ಕೂರಿಸಿ, ಮೇಲೆ ಬಲೆ ಬಿಗಿದಿದ್ದರು. ಹಲಗೆ ಇದ್ದರೆ ನೀರು ಒಂದು ಮೊಳ ಮೇಲೆ ನಿಲ್ಲುತ್ತದೆ, ದೋಣಿಗಳು ಕಟ್ಟೆಗೆ ಸಮನಾಗಿ ತೇಲುತ್ತವೆ, ಅತಿಥಿಗಳು ಸೀರೆ ಪ್ಯಾಂಟು ಎತ್ತದೆ ಇಳಿಯುತ್ತಾರೆ. ಬಲೆ ಇದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಹಾಗೆಂದು ಬಂದವರಿಗೆಲ್ಲ ಅವರು ಹೆಮ್ಮೆಯಿಂದ ತೋರಿಸುತ್ತಿದ್ದರು, ತಪಾಸಣೆಯವರೊಬ್ಬರನ್ನು ಬಿಟ್ಟು.

ಅವಳು ಮೊಣಕೈಯಿಂದ ಬಾಗಿಲು ತಳ್ಳಿದಳು.

"ಅದಕ್ಕೇ ಹೇಳಿದ್ದು," ಎಂದರು ಕ್ಯಾಪ್ಟನ್, ಉಸಿರು ತೆಗೆದುಕೊಳ್ಳದೆ, "ಈ ಸಲ ಮೀನುಮರಿ ಬೇರೆ ಕಡೆಯಿಂದ ತರ್ಸೋಣ ಅಂತ. ಏನಂತೀಯಮ್ಮ?"

"ನಂಗೇನು ಗೊತ್ತಾಗತ್ತೆ ಭಾವ, ಮೀನಿನ ವಿಷಯ."

"ಅದೂ ಸರಿ," ಎಂದು ಅವರು ನಕ್ಕರು. ಗಂಡ ನಗಲಿಲ್ಲ. ಚಹಾದ ಕೆನೆಯನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಒರೆಸಿದ. ಕೆನೆ ಎಂದರೆ ಪ್ರಾಣ ಬಿಡುವವನು.

ಮಧ್ಯಾಹ್ನದವರೆಗೂ ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಅವರು ಬೇರೆ ಏನನ್ನೋ ಮಾತಾಡುತ್ತಿರಬಹುದು. ಕೆರೆಯ ನೀರು ಬಿಡುವ ತೂಬಿನ ಚಕ್ರ ಸಿಕ್ಕಿಕೊಂಡಿರಬಹುದು. ಏರಿ ಬೆವರುತ್ತದೆ ಎಂದು ಮಾವನೇ ಹೇಳಿರಲಿಲ್ಲವೇ? ಒಂದು ಕ್ಷಣ, ತಾನೇ ಗಂಡನ ಮೇಲೆ ಇಲ್ಲದ್ದನ್ನೆಲ್ಲ ಕಟ್ಟುತ್ತಿದ್ದೇನೆ ಎನ್ನಿಸಿ ನಾಚಿಕೆಯಾಯಿತು. ಮರುಕ್ಷಣ ಕಣ್ಣು ಕಿಟಕಿಯ ಬಾಟಲಿಯ ಮೇಲೆ ಹೋಯಿತು. ನೀರು ಇನ್ನೂ ಮಬ್ಬಾಗಿತ್ತು. ತಳ ಮಾತ್ರ ಕೆಂಪಗೆ ಗಟ್ಟಿಯಾಗುತ್ತ ಬಂದಿತ್ತು.

ಕೇಳಿದರೆ ಗಂಡ ನಿಜ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸುಳ್ಳನ್ನೂ ಹೇಳುವುದಿಲ್ಲ, "ತಲೆ ತಿನ್ಬೇಡ" ಅಂದುಬಿಡುತ್ತಾನೆ. ಆದ್ದರಿಂದ ಊಟಕ್ಕೆ ಕೂತಾಗ ಅವಳು ಬೇರೆಯದನ್ನು ಕೇಳಿದಳು.

"ಮಗಳು ಫೋನ್ ಮಾಡಿದ್ಲು. ಮುಂದಿನ ವಾರ ಬರ್ತಾಳಂತೆ, ಮಗು ಕರ್ಕೊಂಡು. ಒಂದು ತಿಂಗಳು ಇರ್ತೀನಿ ಅಂದ್ಲು."

"ಬರ್ಲಿ, ಬರ್ಲಿ." ಗಂಡನ ಮುಖ ಅರಳಿತು. ಮೊಮ್ಮಗಳೆಂದರೆ ಅವನಿಗೆ ಅಷ್ಟು ಜೀವ.

"ಕಾಟೇಜು ಒಂದೂ ಖಾಲಿ ಇಲ್ಲ. ಮೇಲೆ ಮಲಗಿಸ್ಲಿಕ್ಕೆ ಜನರೇಟರ್ ಸದ್ದು. ಕೆಳಗಿನ ಮನೆ ಖಾಲಿ ಅರ್ಧ ಇದೆಯಲ್ಲ, ಅದನ್ನ ಗುಡಿಸಿ ಒರೆಸಿ…"

"ಅಲ್ಲಿ ಬೇಡ."

ಮಾತು ಮುಗಿಯುವ ಮುಂಚೆಯೇ ಬಂದ ಉತ್ತರ. ಅವನಿಗೂ ಅದು ಗೊತ್ತಾಗಿರಬೇಕು, ಅನ್ನ ಕಲಸುತ್ತ ಸೇರಿಸಿದ: "ಸೊಳ್ಳೆ ಜಾಸ್ತಿ." ಆಮೇಲೆ, "ಟೈಲರಮ್ಮನ ಮಷಿನ್ ಸದ್ದಿಗೆ ಮಗು ಮಲಗಲ್ಲ." ಅದೂ ಸಾಲದೆನ್ನಿಸಿ, "ಗೋಡೆಗೆ ಸುಣ್ಣ ಬೇರೆ ಆಗಿಲ್ಲ."

ಓರಗಿತ್ತಿ ಪಲ್ಯದ ಪಾತ್ರೆ ಹಿಡಿದು ನಿಂತಿದ್ದವಳು ಗೊಳ್ಳೆಂದಳು. "ಏನ್ರಪ್ಪ ಇದು! ನಿಮ್ಮ ಮಗಳು ಹುಟ್ಟಿದ್ದು ಬೆಳೆದಿದ್ದು ಆ ಮನೇಲೇ ಅಲ್ವಾ? ಅವಾಗೇನು ಸೊಳ್ಳೆ ಕಾಶಿಗೆ ಹೋಗಿದ್ವಾ?"

"ಅತ್ತಿಗೆ, ನೀವು ಸುಮ್ನಿರಿ."

"ಸರಿ, ಸುಮ್ನಿದ್ದೆ. ಈ ಮನೇಲಿ ಬಾಯಿ ಇರೋದು ರುಚಿ ನೋಡೋಕೆ ಮಾತ್ರ ತಾನೆ."

ಅವಳು ಗಂಡನ ತಟ್ಟೆಗೆ ಸಾರು ಹಾಕುತ್ತ, ದನಿ ಏರದ ಹಾಗೆ ನೋಡಿಕೊಂಡು ಕೇಳಿದಳು. "ಟೈಲರಮ್ಮನ ತಾಯಿಗೆ ಸೊಳ್ಳೆ ಕಚ್ಚಲ್ವಾ ರೀ?"

"ಅವ್ರಿಗೆ ಅಭ್ಯಾಸ ಆಗಿದೆ."

ಅನ್ನ ಕಲಸುತ್ತಿದ್ದ ಬೆರಳುಗಳು ನಿಂತವು. ಅವನು ತಲೆಯೆತ್ತಲಿಲ್ಲ. ಅವಳೂ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಳು. ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು. ಗೊತ್ತು ಇವನಿಗೆ. ತನ್ನ ಮೊಮ್ಮಗಳನ್ನು ಒಂದು ರಾತ್ರಿಯೂ ಮಲಗಿಸಲಾರದ ಮನೆಯಲ್ಲಿ ಬೇರೆಯವರ ತಾಯಿಯನ್ನು ಮಲಗಿಸಿದ್ದಾನೆ, ಅದೂ ಗೊತ್ತಿದ್ದೇ.

ಊಟವಾದ ಮೇಲೆ ಅವಳು ಏರಿಯ ಮೇಲೆ ಹೋದಳು. ಕೈಯಲ್ಲಿ ಕವೆಗೋಲಿತ್ತು; ಯಾರಾದರೂ ಕೇಳಿದರೆ ಹಗ್ಗ ಸರಿಮಾಡಲು ಹೊರಟಿದ್ದೇನೆ ಅನ್ನಬಹುದು. ಯಾರೂ ಕೇಳಲಿಲ್ಲ. ಕೆರೆ ತುಂಬಿಕೊಂಡು ಹೊಳೆಯುತ್ತಿತ್ತು. ಏರಿಯ ಮೇಲೆ ಸಾಲಾಗಿ ಮರಗಳು. ಮನೆಯಲ್ಲಿ ಒಂದೊಂದು ಮಗು ಹುಟ್ಟಿದಾಗಲೂ ಮಾವ ಅಲ್ಲಿ ಒಂದೊಂದು ಸಸಿ ನೆಟ್ಟಿದ್ದರು. ಮಗುವಿಗೆ ಹಲ್ಲು ಬಂದರೆ ಮರಕ್ಕೆ ಚಿಗುರು ಬಂತು ಅನ್ನುವರು. ಓರಗಿತ್ತಿಯ ಗಂಡುಮಕ್ಕಳ ಮರಗಳು ಛತ್ರಿಯ ಹಾಗೆ ಹರಡಿ, ಅದರ ನೆರಳಿಗಾಗಿ ಅತಿಥಿಗಳು ಜಗಳವಾಡುತ್ತಿದ್ದರು. ಹಿಂದಿನ ತಪಾಸಣೆಯಲ್ಲಿ ಸಾಹೇಬರು ಇವನ್ನೇ ತೋರಿಸಿ, "ಏರಿ ಮೇಲೆ ಮರ ಇರಬಾರ್ದು. ಬೇರುಸಮೇತ ತೆಗೆದು, ಗುಂಡಿಗೆ ಜೇಡಿಮಣ್ಣು ತುಂಬಿ ಗುದ್ದಬೇಕು. ಬೇರು ಕೊಳೆತರೆ ನೀರಿಗೆ ದಾರಿ ಆಗತ್ತೆ" ಅಂದಿದ್ದರು. ಓರಗಿತ್ತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರು ನಿಂತಿದ್ದಳು: "ನನ್ನ ಮಕ್ಕಳ ಮರಕ್ಕೆ ಕೊಡಲಿ ಹಾಕೋರು ಮೊದಲು ನನ್ನ ದಾಟಿ ಹೋಗ್ಲಿ." ಕ್ಯಾಪ್ಟನ್ ಸಾಹೇಬರನ್ನು ದೋಣಿ ಹತ್ತಿಸಿಕೊಂಡು ಹೋಗಿ ಸಮಾಧಾನ ಮಾಡಿದ್ದರು. ಆ ದಿನ ಅವಳೂ ಓರಗಿತ್ತಿಯ ಪಕ್ಷವೇ.

ಅವಳ ಮಗಳ ಮರ ಮಾತ್ರ ಅದಕ್ಕೂ ಮುಂಚೆಯೇ ಒಣಗಿತ್ತು. ಹುಳ ಬಿದ್ದಿದೆಯೆಂದು ಗಂಡ ಅದನ್ನು ನೆಲಮಟ್ಟಕ್ಕೆ ಕೊಯ್ಯಿಸಿ, ಬೊಡ್ಡೆಯ ಮೇಲೆ ಮಣ್ಣೆಳೆದು, ಹುಲ್ಲು ಬೆಳೆಸಿ, ಒಂದು ಕಲ್ಲುಬೆಂಚು ಹಾಕಿಸಿದ. ಬೊಡ್ಡೆ ಕಂಡರೆ ಮನಸ್ಸಿಗೆ ಬೇಜಾರಾಗುತ್ತದೆಂದು ಅವಳೇ ಹೇಳಿದ್ದಳು. ಮುಚ್ಚಿಸಿದ್ದಕ್ಕೆ ಅವನ ಮೇಲೆ ಪ್ರೀತಿಯೂ ಉಕ್ಕಿತ್ತು.

ಬೆಂಚು ಈಗ ಒಂದು ಕಡೆ ವಾಲಿತ್ತು. ಕೂತರೆ ತೂಗುತ್ತದೆ ಎಂದು ಅತಿಥಿಗಳು ತಮಾಷೆ ಮಾಡುತ್ತಿದ್ದುದು ಅವಳಿಗೆ ಗೊತ್ತಿತ್ತು. ಯಾರೋ ಒಂದು ಕಾಲಿನ ಕೆಳಗೆ ಚಪ್ಪಟೆ ಕಲ್ಲು ಕೊಟ್ಟಿದ್ದರು. ಆ ಕಲ್ಲೂ ಅರ್ಧ ಹೂತುಹೋಗಿ, ಅದರ ಮೇಲೆ ಇನ್ನೊಂದು ಹೊಸ ಕಲ್ಲು ಕೂತಿತ್ತು. ಬೆಂಚಿನ ಹಿಂದೆ ಹುಲ್ಲಿನಲ್ಲಿ ತಟ್ಟೆಯಷ್ಟು ತಗ್ಗು. ಅವಳು ಕವೆಗೋಲಿನ ಚೂಪು ತುದಿಯನ್ನು ತಗ್ಗಿಗೆ ಊರಿ ಒತ್ತಿದಳು. ಗಟ್ಟಿ ನೆಲ ಸಿಗಬೇಕಿದ್ದಲ್ಲಿ ಕೋಲು ಸಲೀಸಾಗಿ ಇಳಿಯಿತು. ಇನ್ನೂ ಇಳಿಯಿತು. ಅರ್ಧ ಕೋಲು ಒಳಗೆ ಹೋದ ಮೇಲೆ ಅವಳಿಗೆ ಭಯವಾಗಿ ಬಿಟ್ಟುಬಿಟ್ಟಳು. ಎಳೆದುಕೊಂಡಾಗ ತುದಿಗೆ ಕರಿ ಪುಡಿ ಅಂಟಿತ್ತು, ಹಳೆಯ ಮರದ ಪುಡಿ. ತಿರುಗಿ ಕೆಳಗೆ ನೋಡಿದಳು. ನೇರ ಕೆಳಗೆ, ಒಂದು ಗೆರೆ ಎಳೆದ ಹಾಗೆ, ಅವಳ ಹಗ್ಗಗಳು. ಗಾಳಿಯಿಲ್ಲದೆ ಅಲುಗದೆ ಇಳಿಬಿದ್ದ ಬಿಳಿ ಬೆಡ್‌ಶೀಟುಗಳು. ಇಲ್ಲಿಂದ ನೋಡಿದರೆ ನೆಲದ ಒಂದು ಹುಲ್ಲುಕಡ್ಡಿಯೂ ಕಾಣುತ್ತಿರಲಿಲ್ಲ.

ಎಷ್ಟು ಅಚ್ಚುಕಟ್ಟಾಗಿ ಒಣಹಾಕಿದ್ದೇನೆ ಎಂದುಕೊಂಡಳು.

ಇಸ್ತ್ರಿ ಕೋಣೆಗೆ ಮರಳಿದಾಗ ಗಂಡ ಅಲ್ಲಿದ್ದ. ಕರವಸ್ತ್ರ ಹುಡುಕಲು ಬಂದವನ ಕೈಯಲ್ಲಿ ಆ ಬಾಟಲಿಯಿತ್ತು. ನೀರು ಈಗ ಬಹುಮಟ್ಟಿಗೆ ತಿಳಿಯಾಗಿ, ಅಡಿಯಲ್ಲಿ ಬೆರಳು ದಪ್ಪ ಕೆಂಪು ಮಣ್ಣು ಕೂತಿತ್ತು.

"ಇದೇನು?"

"ಗಂಜಿ ನೀರು. ಕಾಲರಿಗೆ ಹಾಕೋದಕ್ಕೆ."

"ಕೆಂಪಗಿದೆ."

"ಹಳೇದು."

ಅವನು ಬಾಟಲಿಯನ್ನು ಬೆಳಕಿಗೆ ಹಿಡಿದ. ಗಂಜಿಯನ್ನು ಯಾರೂ ಅಷ್ಟು ಹೊತ್ತು ನೋಡುವುದಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಸುರಿದ. ನಲ್ಲಿ ಬಿಟ್ಟು ತೊಳೆದ, ತಳದ ಮಣ್ಣನ್ನು ಬೆರಳು ಹಾಕಿ ಉಜ್ಜಿದ, ಟವೆಲಿನಿಂದ ಒರೆಸಿ ಬೋರಲು ಹಾಕಿದ. ತಾನು ಕುಡಿದ ಲೋಟವನ್ನು ಟೇಬಲಿನ ಮೇಲಿಂದ ಎತ್ತಿ ಗೊತ್ತಿಲ್ಲದವನು. ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವಳು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು.

"ಗಾಜಿನ ಸಾಮಾನು ಕಿಟಕಿ ಮೇಲೆ ಇಡ್ಬೇಡ," ಎಂದ. "ಬಿದ್ರೆ ಯಾರಿಗಾದ್ರೂ ಅಪಾಯ."

"ಹೂಂ."

ದಾಟಿ ಹೋಗುವಾಗ ಅವಳ ಭುಜದ ಮೇಲೆ ಕೈಯಿಟ್ಟ. ಕೈ ತಣ್ಣಗಿತ್ತು. "ನಾಳೆ ಒಂದಿನ ಕಳೀಲಿ."

"ಕಳೆದ್ಮೇಲೆ?"

"ಏನು?"

"ಏನಿಲ್ಲ."

ಅವನಿಗೆ ಹೇಳಬೇಕೆಂದಿದೆಯೇನೋ ಎಂದು ಅವಳಿಗೆ ಅನ್ನಿಸಿತು. ಅಣ್ಣನ ಎದುರು ದನಿಯೆತ್ತಲಾರದ ಮನುಷ್ಯ. ಅದಕ್ಕೆ ಅವಳು ಎಷ್ಟೋ ಸಲ ಮರುಕಪಟ್ಟದ್ದುಂಟು. ಇವತ್ತು ಹುಡುಕಿದರೂ ಆ ಮರುಕ ಸಿಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಒಣಗಿದ ಬೆಡ್‌ಶೀಟುಗಳನ್ನು ತೆಗೆದು ಮಡಿಸಿಟ್ಟು, ಅವಳು ಕರ್ಟನ್ ಬಟ್ಟೆಯ ಒಂದು ದೊಡ್ಡ ಗಂಟನ್ನು ಹೊತ್ತುಕೊಂಡು ಜೋಡಿಮನೆಗೆ ಹೋದಳು. ಟೈಲರಮ್ಮ ಹೊಸ್ತಿಲಲ್ಲೇ ಮಷಿನ್ ಇಟ್ಟುಕೊಂಡು ತುಳಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿಗಳ ಸಾಲು. ಒಳಗೆ ಮಂಚದ ಮೇಲೆ ಮುದುಕಿ ಕಾಲು ಇಳಿಬಿಟ್ಟು ಕೂತಿದ್ದಳು.

"ಬನ್ನಿ ಬನ್ನಿ. ಏನಿದು, ಇಡೀ ಅಂಗಡಿನೇ ಹೊತ್ಕೊಂಡು ಬಂದಿದೀರಿ?"

"ಎಲ್ಲಾ ಕಾಟೇಜಿಗೂ ಕರ್ಟನ್ ಹೊಲೀಬೇಕು. ಮೇಲೆ ಬಂದು ಹೊಲಿದುಕೊಡ್ತೀಯಾ? ಕಿಟಕಿ ಅಳತೆ ಒಂದೊಂದು ಒಂದೊಂದು ಥರ ಇದೆ. ನಾಲ್ಕು ದಿನ ಅಲ್ಲೇ ಇರು. ಇಸ್ತ್ರಿ ಕೋಣೆ ಪಕ್ಕದ ರೂಮು ಖಾಲಿ ಮಾಡಿಕೊಡ್ತೀನಿ. ಅಮ್ಮನ್ನೂ ಕರ್ಕೊಂಡು ಬಾ."

ಟೈಲರಮ್ಮ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ತೋಳಿಗೆ ಚುಚ್ಚಿಕೊಂಡಳು. "ಅಮ್ಮನ್ನೂನಾ? ಅವಳೇನು ಕಾಜಾ ಹಾಕ್ತಾಳಾ?" ಕಣ್ಣು ಸಣ್ಣದು ಮಾಡಿದಳು. "ಅಕ್ಕಾ, ನಿಜ ಹೇಳಿ. ಮನೆ ಖಾಲಿ ಮಾಡ್ಸೋ ಪ್ಲಾನಾ? ಉಪಾಯವಾಗಿ ಮೇಲೆ ಕರ್ದು, ಕೆಳಗೆ ಬೀಗ ಹಾಕೋದು?"

"ಛೇ, ಏನ್ ಮಾತು! ವಯಸ್ಸಾದೋರು ಒಬ್ರೇ ಇರ್ಬೇಕಲ್ಲ ಅಂತ ಅಂದೆ."

"ಅಲ್ಲ, ಈಗೀಗ ನಿಮ್ಮ ಯಜಮಾನ್ರೂ ಬೆಳಿಗ್ಗೆ ಬೆಳಿಗ್ಗೆ ಈ ಕಡೆ ಬಂದು ಹಗ್ಗದ ಹತ್ರ ಕೂತು ನೆಲ ನೋಡ್ತಿರ್ತಾರೆ. ಏನ್ ಸಾರ್ ಕಳ್ಕೊಂಡ್ರಿ ಅಂದ್ರೆ ಉಂಗುರ ಅಂತಾರೆ. ದಿನಾ ಒಂದು ಉಂಗುರ ಯಾರು ಕಳ್ಕೋತಾರೆ ಹೇಳಿ? ಜಾಗ ಮಾರೋಕೆ ಅಳತೆ ನೋಡ್ತಿದಾರೆ ಅಂದ್ಕೊಂಡೆ ನಾನು."

ಅವಳ ಗಂಡ ಉಂಗುರವನ್ನೇ ಹಾಕುತ್ತಿರಲಿಲ್ಲ.

ಒಳಗಿಂದ ಮುದುಕಿ ಗಟ್ಟಿಯಾಗಿ ಏನೋ ಅಂದಳು. ಟೈಲರಮ್ಮ ನಗುತ್ತ ಕೈಬೀಸಿದಳು. "ಅದೇ ಹಾಡು. ನೆಲ ತಣ್ಣಗಿದೆಯಂತೆ, ಕಾಲಿನ ಕೆಳಗೆ ಏನೋ ಹರೀತಿದೆಯಂತೆ. ಕಿವಿ ಕೇಳದೋಳಿಗೆ ಕಾಲು ಕೇಳತ್ತೆ ನೋಡಿ."

ಅವಳು ಮುದುಕಿಯನ್ನು ನೋಡಿದಳು. ಮುದುಕಿ ಅವಳನ್ನು ನೋಡಿ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, ಒಂದು ಪಾದವನ್ನು ಮೇಲೆತ್ತಿ ತೋರಿಸಿದಳು. ಆಗಲೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಟೈಲರಮ್ಮ ಆ ಕ್ಷಣವೇ ಮೇಲೆ ಹೋಗಿ, ಅಂಗಳದಲ್ಲಿ ನಿಂತು ಕೂಗಾಡುತ್ತಾಳೆ. ಅಣ್ಣತಮ್ಮ ಇಬ್ಬರೂ ಸೇರಿ ಅವಳನ್ನು ಸಮಾಧಾನ ಮಾಡುತ್ತಾರೆ. ಮೀನುಮರಿಯ ಮಾತಿನ ಹಾಗೆ ಇದೂ ಎಲ್ಲಿಗೋ ಹೊರಳುತ್ತದೆ. ನಾಳೆಯ ಹೊತ್ತಿಗೆ ಆ ಒದ್ದೆ ನೆಲದ ಮೇಲೆ ಒಂದು ಲಾರಿ ಜಲ್ಲಿ ಬಿದ್ದಿರುತ್ತದೆ.

"ಕತ್ತಲಾಗೋ ಮುಂಚೆ ಬಾ," ಎಂದಳು. "ಅಮ್ಮನ ಮಂಚಾನೂ ತರ್ಸು. ಹೊಸ ಜಾಗದಲ್ಲಿ ನಿದ್ದೆ ಬರಲ್ಲ ಅವರಿಗೆ."

"ಮಂಚಾನೂ ಅಂತೆ! ಇನ್ನು ಗ್ಯಾರಂಟಿ, ಮನೆ ಹೋಯ್ತು ನಂದು," ಎಂದಳು ಟೈಲರಮ್ಮ. ನಕ್ಕರೂ ಕಣ್ಣು ನಗಲಿಲ್ಲ. ಆದರೂ ಎದ್ದು ಮಷಿನ್ನಿನ ತಲೆಗೆ ಹೊದಿಕೆ ಹಾಕಿದಳು. ಕೆಲಸ ಕೊಡುತ್ತೇನೆಂದು ಮನೆಬಾಗಿಲಿಗೆ ಬಂದವರನ್ನು ಅನುಮಾನಿಸಬಹುದೇ ಹೊರತು ಕಳಿಸಿಬಿಡುವ ಹಾಗಿರಲಿಲ್ಲ ಅವಳಿಗೆ.

ರಾತ್ರಿಯ ಊಟಕ್ಕೆ ತಟ್ಟೆ ಹಾಕುವಾಗ ಪಕ್ಕದ ಕೋಣೆಯಿಂದ ಹೊಲಿಗೆ ಮಷಿನ್ನಿನ ಸದ್ದು ಶುರುವಾಯಿತು. ಗಂಡ ಕಿವಿ ನಿಮಿರಿಸಿದ.

"ಯಾರದು?"

"ಟೈಲರಮ್ಮ. ಕರ್ಟನ್ ಹೊಲೀತಿದಾಳೆ. ನಾಲ್ಕು ದಿನ ಇಲ್ಲೇ ಇರ್ಲಿ ಅಂದೆ."

"ಅವಳ ತಾಯಿ?"

"ಅವರೂ ಬಂದಿದಾರೆ."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಬೇಡವೆನ್ನುತ್ತಾನೇನೋ, ನನ್ನನ್ನು ಕೇಳದೆ ಯಾಕೆ ಕರೆದೆ ಎಂದು ರೇಗುತ್ತಾನೇನೋ. ಅವನು ಒಂದು ಉದ್ದನೆಯ ಉಸಿರು ಬಿಟ್ಟ. ಭುಜ ಎರಡೂ ಇಳಿದವು. ಎಷ್ಟೋ ತಿಂಗಳಿಂದ ಹೊತ್ತದ್ದನ್ನು ಯಾರೋ ಇಳಿಸಿಕೊಂಡ ಹಾಗೆ.

"ಒಳ್ಳೇದು ಮಾಡ್ದೆ," ಎಂದ.

ಬೈದಿದ್ದರೆ ಅವಳಿಗೆ ಇನ್ನೂ ಒಂದೆಳೆ ಅನುಮಾನ ಉಳಿಯುತ್ತಿತ್ತು. ಹೊಗಳಿ ಅದನ್ನೂ ಕಿತ್ತುಕೊಂಡ. ತನ್ನ ಜೊತೆ ಅವಳೂ ಸೇರಿಕೊಂಡಳೆಂದು ಅವನು ತಿಳಿದ ಹಾಗಿತ್ತು: ಒಬ್ಬೊಬ್ಬರನ್ನೇ, ಒಂದೊಂದೇ ಸಾಮಾನನ್ನು ಸದ್ದಿಲ್ಲದೆ ಗುಡ್ಡ ಹತ್ತಿಸಿಬಿಟ್ಟರೆ ಸಾಕು, ಕೆರೆಯನ್ನು ಮುಟ್ಟಬೇಕಾಗಿಲ್ಲ ಎನ್ನುವ ಹಾಗೆ. ಜೋಡಿಮನೆಯಿಂದ ಕೆಳಗೆ ಹಳ್ಳದ ದಾರಿಯಲ್ಲಿ ಇನ್ನೂ ಮನೆಗಳಿದ್ದವು. ಆ ಕಡೆಯಿಂದ ಬೆಳಿಗ್ಗೆ ಹಾಲು ಬರುತ್ತಿತ್ತು. ಸಂಜೆ ಮಕ್ಕಳು ಆಡುವ ಸದ್ದು ಕೇಳಿಸುತ್ತಿತ್ತು. ಅವರಿಗೆಲ್ಲ ಹೊಲಿಸಲು ಅವಳ ಬಳಿ ಕರ್ಟನ್ ಬಟ್ಟೆಯಿರಲಿಲ್ಲ.

"ನಾಳೆಗೆ ಬೆಡ್‌ಶೀಟೆಲ್ಲ ತೆಗೆದಿಟ್ಟಿದೀಯ ತಾನೆ?" ಎಂದ ಗಂಡ, ಈಗ ಆರಾಮಾಗಿ, ಕೈತೊಳೆಯುತ್ತ. "ಹತ್ತು ಗಂಟೆಗೆಲ್ಲ ಬಂದ್ಬಿಡ್ತಾರೆ."

"ಹೂಂ. ಎಲ್ಲಾ ತೆಗೆದಿಟ್ಟಿದೀನಿ."

ಅವನು ಮಲಗಲು ಹೋದ ಮೇಲೆ ಅವಳು ಇಸ್ತ್ರಿ ಕೋಣೆಗೆ ಬಂದಳು. ಮಡಿಸಿಟ್ಟ ಬೆಡ್‌ಶೀಟುಗಳನ್ನು ಅಂಚಿಗೆ ಅಂಚು ಕೂಡಿಸಿ, ಮೊದಲಿದ್ದ ಸಾಲುಗಳ ಮೇಲೆ ಬೀರುವಿನಲ್ಲಿ ಜೋಡಿಸಿದಳು. ಒಂದನ್ನೂ ಹೊರಗೆ ಉಳಿಸಲಿಲ್ಲ. ಕ್ಲಿಪ್ಪಿನ ಚೀಲವನ್ನು ಒಳಗೆ ಸೇರಿಸಿದಳು. ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೋಡೆಯ ಆಚೆಗೆ ಮಷಿನ್ನು ನಿಂತು, ಮುದುಕಿಯ ದನಿ ಏನನ್ನೋ ಕೇಳಿ, ಮತ್ತೆ ಮಷಿನ್ನು ಶುರುವಾಯಿತು.

ಓರಗಿತ್ತಿ ಬಾಗಿಲಲ್ಲಿ ಇಣುಕಿದಳು. "ಏನೇ, ಇನ್ನೂ ಮಲಗಿಲ್ವಾ? ನಾಳೆ ಬೆಳಗಾಗೋ ಮುಂಚೆ ಒಗೆಯೋದಿದೆ ಅಂತಿದ್ದೆ."

"ಮಲಗ್ತೀನಿ ಅಕ್ಕ."

ದೀಪ ಆರಿಸಿದಳು. ಬೆಳಿಗ್ಗೆ ಅವಳು ಬೇಗ ಏಳುವುದಿಲ್ಲ. ಹಗ್ಗಗಳು ಮೂರೂ ಖಾಲಿ ಇರುತ್ತವೆ. ಸಾಹೇಬರು ಏರಿಯ ಮೇಲೆ, ವಾಲಿದ ಬೆಂಚಿನ ಬಳಿ ಬಂದು ಕೆಳಗೆ ನೋಡುವ ಹೊತ್ತಿಗೆ ಅವಳು ಒಬ್ಬಳೇ ಹುಲ್ಲಿನ ನಡುವೆ ನಿಂತಿರುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಅವರ ಕಣ್ಣು ತನ್ನ ಮೇಲೆ ಬಿದ್ದದ್ದು ಖಾತ್ರಿಯಾದ ಮೇಲೆ ನೆಲಕ್ಕೆ ಊರಿದ ಕವೆಗೋಲನ್ನು ಕಿತ್ತು ಪಕ್ಕಕ್ಕೆ ಸರಿಸಿ, ಗುಂಡಿ ತುಂಬಲು ಬಿಡುತ್ತಾಳೆ, ಅಷ್ಟೇ.